ತುದಿ ಏರುವ ಮಾತು

ಜೂನ್ 4

ಪೀಪಿಗೆ,

ಊಟ ಸೇರುತ್ತದೆಯೇ, ಹಾಸಿಗೆ ಮೆತ್ತಗಿದೆಯೇ ಎಂದು ಕೇಳುವ ಕಾಗದವಲ್ಲ ಇದು. ಅದನ್ನೆಲ್ಲ ನಿನ್ನ ಅಮ್ಮ ಬೇರೆ ಹಾಳೆಯಲ್ಲಿ ಬರೆದಿದ್ದಾಳೆ. ಅಳುತ್ತಲೇ ಬರೆದಿದ್ದಾಳೆ, ಶಾಯಿ ಕದಡಿದ್ದರೆ ಅದೇ ಕಾರಣ. ನಾನು ಬರೆಯುತ್ತಿರುವುದು ಒಂದು ಕಟ್ಟಳೆ ಹೇಳಲು.

ಬಸ್ಸಿನ ಹೆಡ್ ಆಫೀಸಿನ ನಿಮ್ಮ ತರಬೇತಿಯ ಮೇಡಂ ಆರು ತಿಂಗಳು ಊರ ಮಾತು ಆಡಬಾರದು, ಕೇಳಲೂಬಾರದು ಎಂದರಂತೆ. ಹಾಗಾದರೆ ಆರು ತಿಂಗಳು ಈ ಮನೆಯಿಂದ ನಿನಗೆ ಫೋನ್ ಬರುವುದಿಲ್ಲ. ನೀನೂ ಮಾಡಕೂಡದು. ನಿನ್ನ ಅಮ್ಮ, "ಅತ್ತೆ, ಹೇಗಿದ್ದೀಯ ಅಂತ ಕೇಳಿ ಇಟ್ಬಿಡ್ತೀನಿ, ಅಷ್ಟೇ" ಎಂದು ಗೋಗರೆದಳು. "ನಿನ್ನ 'ಹೇಗಿದ್ದೀಯ'ದಲ್ಲೇ ಇಡೀ ಊರಿನ ರಾಗ ಇದೆ. ಸುಮ್ನಿರು" ಎಂದು ಫೋನನ್ನು ಬೀರುವಿಗೆ ಹಾಕಿ ಬೀಗ ಜಡಿದಿದ್ದೇನೆ. ಕೀಲಿಗೊಂಚಲು ಎಲ್ಲಿರುತ್ತದೆ ಎಂದು ನಿನಗೆ ಗೊತ್ತು. ನನ್ನ ಸೊಂಟ ಬಿಟ್ಟು ಅದು ಎಲ್ಲಿಗೂ ಹೋಗುವುದಿಲ್ಲ.

ಕಾಗದ ಬರೆಯೋಣ. ಕಾಗದಕ್ಕೆ ರಾಗವಿಲ್ಲ. ಬರೆಯುವಾಗ ನಾನೂ ನೀನೂ ಆ ಮೇಡಂ ಕೂಡ ಒಂದೇ ಭಾಷೆಯವರು. ನಾನು ಹೈಸ್ಕೂಲು ಮುಗಿಸಿದವಳು. ಪುಸ್ತಕದ ಭಾಷೆ ನನಗೇನೂ ಸಾಲ ತಂದದ್ದಲ್ಲ.

ಒಂದು ಮಾತು. ನಮ್ಮವರ ಮಾತಿನ ತುದಿ ಮೇಲೇರುತ್ತದೆ ಎಂದು ಅಲ್ಲಿ ಯಾರಾದರೂ ನಕ್ಕರೆ ತಲೆ ತಗ್ಗಿಸಬೇಡ. ನನ್ನ ಅಪ್ಪ ದೋಣಿಕಟ್ಟೆಯಲ್ಲಿ ನಿಂತು ಈ ದಡದಿಂದ ಆ ದಡಕ್ಕೆ ಕೂಗುತ್ತಿದ್ದವನು. ತುದಿ ಏರದಿದ್ದರೆ ಆ ಕೂಗು ನಡುನೀರಿನಲ್ಲೇ ಮುಳುಗುತ್ತಿತ್ತು. ಸೇತುವೆಯಾಯಿತು, ದೋಣಿ ನಿಂತಿತು, ಬಸ್ಸು ಬಂತು, ನಿಲ್ದಾಣದ ಮೈಕು ನನ್ನ ಕೈಗೆ ಬಂತು. ಆ ರಾಗದಲ್ಲೇ ಈ ಮನೆ ನಡೆದಿದೆ. ಕೆಲಸಕ್ಕೆ ಅದು ಬೇಡವೆಂದರೆ ಮಡಚಿ ಪೆಟ್ಟಿಗೆಯಲ್ಲಿಡು. ಬಿಸಾಡಬೇಡ.

ನಿನ್ನ ಅಜ್ಜಿ


ಜೂನ್ 21

ಅಜ್ಜಿಗೆ,

ನೀವು ಕೇಳದಿದ್ದರೂ ಹೇಳುತ್ತೇನೆ: ಊಟ ಸೇರುತ್ತದೆ.

ನಾವು ಕೆಲಸ ಮಾಡುವ ಕೋಣೆಗೆ ಕಿಟಕಿಯಿಲ್ಲ. ಗೋಡೆಗೆಲ್ಲ ಸ್ಪಂಜು ಅಂಟಿಸಿದ್ದಾರೆ. ಮಾತಾಡಿದರೆ ಮಾತು ಎಲ್ಲೋ ಬಿದ್ದು ಹೋದಂತೆ ಅನಿಸುತ್ತದೆ. ಮೇಡಂ ಗಾಜಿನ ಆಚೆ ಕೂತು ಅಂಗೈಯನ್ನು ಎತ್ತಿ ಹಿಡಿದಿರುತ್ತಾರೆ. ವಾಕ್ಯದ ಕೊನೆ ಬಂದಾಗ ಅಂಗೈ ಮೆಲ್ಲಗೆ ಮೇಜಿಗೆ ಇಳಿಯುತ್ತದೆ. ಅದರ ಜೊತೆ ನಮ್ಮ ದನಿಯೂ ಇಳಿಯಬೇಕು. ನನ್ನದು ಇಳಿಯುವುದಿಲ್ಲ. "ಮತ್ತೆ ಗಾಳಿಪಟ ಬಿಟ್ಯಲ್ಲಮ್ಮ!" ಎನ್ನುತ್ತಾರೆ. ಬೈಯುವುದಿಲ್ಲ, ಅದೇ ಹೆಚ್ಚು ಕಷ್ಟ. ನೀವು ಬೈದು ಅಭ್ಯಾಸ ಮಾಡಿಸಿದ್ದೀರಿ.

ತರಬೇತಿಗೆ ನಾವು ಮೂವರು ಹುಡುಗಿಯರು, ಮೂರು ಕಡೆಯವರು. ಒಬ್ಬಳು ಪದದ ನಡುಭಾಗವನ್ನು ನುಂಗುತ್ತಾಳೆ. ಇನ್ನೊಬ್ಬಳು ಪ್ರತಿ ಮಾತಿಗೂ ಒಂದು ಬಾಲ ಅಂಟಿಸುತ್ತಾಳೆ. ಮೊದಲ ದಿನ ಊಟದ ಮನೆಯಲ್ಲಿ ಒಂದೇ ಸೌಟಿಗೆ ಮೂವರೂ ಮೂರು ಹೆಸರು ಹೇಳಿ, ಕೊನೆಗೆ ಬೆರಳು ತೋರಿಸಿ ಬಡಿಸಿಕೊಂಡೆವು. ಸಿಟ್ಟು ಬಂದಾಗಲಂತೂ ಯಾರು ಏನು ಬೈದರೆಂದು ಯಾರಿಗೂ ತಿಳಿಯದೆ ಜಗಳವೇ ಆಗುವುದಿಲ್ಲ. ಆದರೆ ಮೈಕಿನ ಮುಂದೆ ಕೂತರೆ ಈಗೀಗ ಮೂವರ ದನಿಯೂ ಒಂದೇ ತಾಯಿಯ ಮಕ್ಕಳದ್ದೆಂಬಂತೆ ಕೇಳುತ್ತದೆ.

ನಾವು ಓದಿದ ಪ್ರಕಟಣೆಗಳನ್ನು ಧ್ವನಿಮುದ್ರಿಸಿ ಬೇರೆ ಬೇರೆ ಬಸ್ ನಿಲ್ದಾಣಗಳಿಗೆ ಕಳಿಸುತ್ತಾರೆ. ಒಬ್ಬೊಬ್ಬರಿಗೆ ಒಂದಷ್ಟು ನಿಲ್ದಾಣಗಳು. ವರ್ಷದ ಕೊನೆಗೆ ಯಾರ ದನಿಯ ಮೇಲೆ ದೂರು ಬಂದಿರುವುದಿಲ್ಲವೋ ಅವಳೊಬ್ಬಳ ಕೆಲಸ ಖಾಯಂ. ಅದು ನಾನೇ ಆಗಬೇಕು, ಅಜ್ಜಿ. ಅಮ್ಮನಿಗೆ ಹೇಳಿ, ಅಳುವುದನ್ನು ಅಲ್ಲಿಯವರೆಗೆ ಉಳಿಸಿಕೊಳ್ಳಲಿ.

ಪೀಪಿ


ಜುಲೈ 15

ಪೀಪಿಗೆ,

ನಿನ್ನ ಕಾಗದವನ್ನು ನಿನ್ನ ಅಮ್ಮ ಟಿಕೆಟ್ ಕೌಂಟರಿನಲ್ಲಿ ಕೂತು ಓದುತ್ತ, ಹೊರಗೆ ಸಾಲು ಬೆಳೆಸಿದಳು. ಕಂಟ್ರೋಲರ್ ಬಂದು ಗೊಣಗಿದ. "ನಮ್ಮನೆ ಹುಡುಗಿ ಹೆಡ್ ಆಫೀಸಿಂದ ಬರೆದಿದ್ದಾಳಪ್ಪ, ನೀನೂ ಓದು" ಎಂದೆ. ಓದಿದ. ಸಾಲು ಇನ್ನಷ್ಟು ಬೆಳೆಯಿತು.

ಅಂಗೈ ಇಳಿದಾಗ ದನಿ ಇಳಿಸು. ಅದರಲ್ಲೇನು ಕಷ್ಟ? ಹೈಸ್ಕೂಲಿನ ಭಾಷಣ ಸ್ಪರ್ಧೆಯಲ್ಲಿ ನಾನು ಪುಸ್ತಕದ ಭಾಷೆಯನ್ನು ಒಂದು ಸುಕ್ಕೂ ಇಲ್ಲದೆ ಆಡಿ ಗೆದ್ದವಳು. ವೇದಿಕೆ ಇಳಿದು, "ಎಲ್ಲಿ ನನ್ನ ಚಪ್ಪಲಿ?" ಎಂದು ನಮ್ಮ ಮಾತಿನಲ್ಲಿ ಕೂಗಿದೆ. ಬಹುಮಾನ ಕೊಟ್ಟವರು ಬೆಚ್ಚಿಬಿದ್ದರು. ಎರಡೂ ನನ್ನವೇ. ನಿನಗೂ ಹಾಗೇ ಇರಬೇಕು. ಖಾಯಂ ಆಗಬೇಕು ಎಂದೆಯಲ್ಲ, ಆಗಲೇಬೇಕು. ಈ ಮನೆಯವರು ಅರ್ಧಕ್ಕೆ ಬಿಟ್ಟ ಕೆಲಸ ಒಂದೂ ಇಲ್ಲ.

ಇಲ್ಲಿಯೂ ಹೊಸ ಸ್ಪೀಕರ್ ಹಾಕಲು ಜನ ಬಂದಿದ್ದಾರೆ. ಏಣಿ ನನ್ನ ಕೋಣೆಯ ಬಾಗಿಲಿಗೇ ಒರಗಿಸಿದ್ದಾರೆ. ಪಕ್ಕಕ್ಕೆ ತಿರುಗಿಕೊಂಡು ಒಳಗೆ ಹೋಗಬೇಕು. ಇನ್ನು ಮೇಲೆ ಯಾವಳೋ ಓದಿದ್ದನ್ನು ಹಾಕುತ್ತಾರಂತೆ. ಹಾಕಲಿ. ಯಾವಳು ಎಂದು ಕೇಳಲಿಲ್ಲ. ನನಗೇಕೆ?

ಅಜ್ಜಿ


ಆಗಸ್ಟ್ 3

ಅಜ್ಜಿಗೆ,

ಕೆಲಸ ತುಂಬಾ ಇದೆ, ಅದಕ್ಕೇ ಚಿಕ್ಕ ಕಾಗದ. ದನಿ ಈಗ ಇಳಿಯುತ್ತದೆ. ಮೇಡಂ ಅಂಗೈ ಎತ್ತುವುದನ್ನೇ ಬಿಟ್ಟಿದ್ದಾರೆ.

ನಮ್ಮ ನಿಲ್ದಾಣಕ್ಕೆ ಯಾರು ಓದಿದ್ದು ಬರುತ್ತದೆ ಎಂದು ಇಲ್ಲಿ ಯಾರೂ ಸರಿಯಾಗಿ ಹೇಳುವುದಿಲ್ಲ. ಯಾರೇ ಆಗಿರಲಿ, ಪಾಪ, ಅವಳೂ ಸಂಬಳಕ್ಕಾಗಿ ಓದುವವಳು. ನೀವು ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ನಿಮ್ಮನ್ನು ಮೈಕಿನಿಂದ ಎಬ್ಬಿಸಿದರೆ ಎಲ್ಲಿ ಕೂರಿಸುತ್ತಾರೆ? ಫ್ಯಾನ್ ಇರುವ ಜಾಗವೇ?

ಪೀಪಿ


ಆಗಸ್ಟ್ 30

ಪೀಪಿಗೆ,

ನನ್ನನ್ನು ಯಾರೂ ಎಬ್ಬಿಸಲಿಲ್ಲ. ವಿಚಾರಣೆ ಕಿಟಕಿಗೆ ಬಡ್ತಿ ಕೊಟ್ಟಿದ್ದಾರೆ. ಫ್ಯಾನ್ ಇದೆ, ಕೈಯಿರುವ ಕುರ್ಚಿ ಇದೆ, ಎದುರಿಗೇ ಟೀ ಅಂಗಡಿ. ಹೊಸ ದನಿ ಬಂದ ದಿನ ಟೀ ಅಂಗಡಿಯವನಿಗೆ ಒಳ್ಳೆಯ ವ್ಯಾಪಾರವಾಯಿತು. ಇಂಥ ದನಿ ದಿನಾ ಒಂದು ಹೊಸದು ಬರಲಿ ಎಂದ. ಅವನ ಮಾತು ಬಿಡು.

ಓದಿದವಳು ಯಾರೋ ಗೊತ್ತಿಲ್ಲ, ಚೊಕ್ಕವಾಗಿ ಓದಿದ್ದಾಳೆ. ಅಕ್ಷರ ಒಂದೂ ಜಾರಿಲ್ಲ. ಸಿಟ್ಟು ಯಾಕೆ ಮಾಡಿಕೊಳ್ಳಲಿ?

ಈ ಕಾಗದದ ಜೊತೆ ನಿನ್ನ ಅಮ್ಮನ ಹಾಳೆ ಇಲ್ಲ. ಅವಳಿಗೆ ಬರೆಯಬೇಡ ಎಂದಿದ್ದೇನೆ. ಬೇಡದ್ದೆಲ್ಲ ಬರೆಯುತ್ತಾಳೆ.

ಅಜ್ಜಿ


ಸೆಪ್ಟೆಂಬರ್ 18

ಅಜ್ಜಿಗೆ,

ಇನ್ನು ಮುಚ್ಚಿಡಲಾರೆ. ಆ ದನಿ ನನ್ನದೇ. ನಿಲ್ದಾಣಗಳನ್ನು ಹಂಚಿದಾಗ ನಮ್ಮೂರಿನ ಹಾಳೆ ನನ್ನ ಕೈಗೆ ಬಂತು. ಗಿರಣಿ, ಬಂದರು, ಆಸ್ಪತ್ರೆ, ನೀವು ಕೂಗಿದ್ದನ್ನು ಕೇಳಿಯೇ ನಾನು ಬೆಳೆದ ಹೆಸರುಗಳು. ಬೇಡ ಎನ್ನಬೇಕೆಂದುಕೊಂಡೆ, ಬಾಯಿ ಬರಲಿಲ್ಲ. ಓದಿ ಮುಗಿಸಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ನಿಮ್ಮ ಕುರ್ಚಿಯನ್ನು ನಾನೇ ಎಳೆದಂತಾಯಿತು.

ಆದರೆ ಈ ತಿಂಗಳ ಲೆಕ್ಕ ಬಂದಿದೆ. ನುಂಗುವವಳ ಮೇಲೂ ಬಾಲದವಳ ಮೇಲೂ ದೂರುಗಳಿವೆ. ನನ್ನ ಮೇಲೆ ಒಂದೂ ಇಲ್ಲ. ನಮ್ಮೂರಿನಿಂದಂತೂ ಒಂದು ಸಣ್ಣ ಗೊಣಗಾಟವೂ ಇಲ್ಲ. "ನಿಮ್ಮ ಕಡೆ ಜನ ಎಷ್ಟು ಬೇಗ ಒಗ್ಗಿಕೊಂಡ್ರು ನೋಡು!" ಎಂದು ಮೇಡಂ ಎಲ್ಲರೆದುರು ಹೇಳಿದರು. ನನಗೆ ಹೆಮ್ಮೆಯಾಯಿತು ಅಜ್ಜಿ, ನಿಜವಾಗಿ. ನಿಮಗೂ ಆಗುತ್ತದೆಯೇ?

ಪೀಪಿ


ಅಕ್ಟೋಬರ್ 1

ಪೀಪಿಗೆ,

"ಪ್ರಯಾಣಿಕರ ಗಮನಕ್ಕೆ" ಎಂಬಲ್ಲೇ ಗೊತ್ತಾಯಿತು. ಹುಟ್ಟಿದ ದಿನ ನೀನು ಅತ್ತ ಸದ್ದಿಗೆ ಪೀಪಿ ಎಂದು ಹೆಸರಿಟ್ಟವಳು ನಾನು. ಆ ಗಂಟಲು ಎಷ್ಟು ಇಸ್ತ್ರಿ ಮಾಡಿದರೂ ನನಗೆ ಗುರುತು ಸಿಗುವುದಿಲ್ಲವೇ? ಗೊತ್ತಿದ್ದೂ ಗೊತ್ತಿಲ್ಲವೆಂದು ಬರೆದೆ, ನೀನು ಹಾಗೆಂದು ನಂಬಿಸಲು ಹೊರಟಿದ್ದರಿಂದ.

ಕುರ್ಚಿ ಎಳೆದೆ ಎಂದು ಮೆಟ್ಟಿಲ ಮೇಲೆ ಕೂರುವವರನ್ನು ನಾನು ಬೆಳೆಸಿಲ್ಲ. ಆ ಕುರ್ಚಿಯಿಂದ ಎದ್ದಾಗ ಅದರಲ್ಲಿ ಯಾರು ಕೂರಬೇಕೆಂದು ನನಗೊಂದು ಆಸೆಯಿತ್ತು. ಅವಳೇ ಕೂತಿದ್ದಾಳೆ. ದೂರಿಲ್ಲ ಎಂದರೆ ದೂರಲು ಏನೂ ಇಲ್ಲ ಎಂದರ್ಥ. ಡಿಸೆಂಬರ್ ಮುಗಿಯುವವರೆಗೆ ತಲೆ ಎತ್ತದೆ ಓದು.

ನಿನ್ನ ಕೊನೆಯ ಪ್ರಶ್ನೆಗೆ ಉತ್ತರ ಬರೆದು ತಿಳಿಸುವಂಥದ್ದಲ್ಲ.

ಅಜ್ಜಿ


ಅಕ್ಟೋಬರ್ 25

ಅಜ್ಜಿಗೆ,

ಪರಿಶೀಲನೆಗೆಂದು ಒಬ್ಬ ಅಧಿಕಾರಿ ಎಲ್ಲ ನಿಲ್ದಾಣಗಳಿಗೂ ಹೋಗಿ ಬಂದರು. ಅಲ್ಲಿ ದನಿ ಹೇಗೆ ಕೇಳುತ್ತದೆ ಎಂದು ಧ್ವನಿಮುದ್ರಿಸಿ ತಂದಿದ್ದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೂವರೂ ಕೇಳುತ್ತಿದ್ದೆವು. ನಮ್ಮೂರಿನದು ಬಂತು. ಎಂಜಿನ್ ಸದ್ದು, ಯಾರದೋ ಕೆಮ್ಮು, ಮೇಲಿನಿಂದ ನನ್ನ ದನಿ. ನನ್ನ ದನಿ ನಿಂತ ತಕ್ಷಣ ಟಿಣ್ ಟಿಣ್.

ಕಿಟಕಿಯ ಕಂಬಿಗೆ ಕೀಲಿಗೊಂಚಲು ತಗುಲಿದ ಸದ್ದು. ನಲವತ್ತು ಕೋಣೆ ಆಚೆಯಿಂದ ಕೇಳಿದರೂ ನನಗೆ ಗೊತ್ತಾಗುತ್ತದೆ. ಮೈಕಿಗೆ ಬಡಿದು ಆಮೇಲೆ ಕೂಗುತ್ತಿದ್ದಿರಲ್ಲ, ಅದೇ. ಅದರ ಹಿಂದೆಯೇ ಮೈಕಿಲ್ಲದ ಬರಿಗಂಟಲು, ನಾನು ಹೇಳಿದ್ದನ್ನೇ ನಮ್ಮ ರಾಗದಲ್ಲಿ ಮತ್ತೊಮ್ಮೆ ಕೂಗುತ್ತಿತ್ತು. ಪ್ರತಿ ಬಸ್ಸಿಗೂ. ಅಧಿಕಾರಿ, "ಯಾರೋ ವ್ಯಾಪಾರದವಳು" ಎಂದರು. ಆ ಗಂಟಲು ಒಡೆದಿತ್ತು ಅಜ್ಜಿ. ಅರ್ಧ ಗಾಳಿ ಬರುತ್ತಿತ್ತು.

ನಿಮ್ಮ ಕಟ್ಟಳೆ ಮುರಿದೆ. ಕೌಂಟರಿನ ಫೋನಿಗೆ ಕರೆ ಮಾಡಿ ಅಮ್ಮನನ್ನು ಹಿಡಿದೆ. "ನಾನು ಹೇಳಿದೆ ಅಂತ ಹೇಳ್ಬೇಡ ಕಣೆ, ನನ್ನ ಉಳಿಸೋದಿಲ್ಲ" ಎನ್ನುತ್ತ ಎಲ್ಲ ಹೇಳಿದರು. ಮೊದಲ ದಿನ ಆದದ್ದು, ಕಂಟ್ರೋಲರ್ ತಂದ ದೂರಿನ ಹಾಳೆ, ಸಹಿ ಹಾಕಿದರೆ ಮೈಕು ನಿಮಗೇ ಹಿಂದಿರುಗುತ್ತಿತ್ತು ಎಂಬುದು. ನೀವು ಹಾಕಲಿಲ್ಲ ಎಂಬುದು.

ನೀವು ಹಾಕದ ಸಹಿಯನ್ನು ಇವತ್ತು ನಾನು ಹಾಕಿದೆ. ದೂರು ಕೊಡುವವರ ಜಾಗದಲ್ಲಿ ನನ್ನ ಹೆಸರು, ಯಾರ ದನಿಯ ಮೇಲೆ ಎಂಬಲ್ಲೂ ನನ್ನ ಹೆಸರು. ಗುಮಾಸ್ತರು ತಿರುಗಿಸಿ ಮುರುಗಿಸಿ ಓದಿ, "ತಲೆ ಸರಿ ಇದೆಯಾ ತಂಗಿ?" ಎಂದರು. "ಸರಿ ಇದೆ, ಸೀಲು ಹೊಡೀರಿ" ಎಂದೆ.

ಬೈಯಿರಿ. ಕಾದಿದ್ದೇನೆ.

ಪೀಪಿ


ನವೆಂಬರ್ 2

ಪೀಪಿಗೆ,

ಬೈಯುತ್ತೇನೆ. ಮೊದಲು ನಿನ್ನ ಅಮ್ಮನಿಗೆ ಬೈದು ಮುಗಿಸಿದೆ. ಗಂಟಲು ಸಾಲದೆ ಅರ್ಧವನ್ನು ಕೈಸನ್ನೆಯಲ್ಲೇ ಬೈದೆ. ಅವಳು ನಕ್ಕುಬಿಟ್ಟಳು. ಈ ಮನೆಯಲ್ಲಿ ನನ್ನ ಮುಂದೆ ಅವಳು ನಕ್ಕದ್ದು ಇದೇ ಮೊದಲು. ಅದನ್ನೂ ನಿನ್ನ ಖಾತೆಗೇ ಹಾಕಿದ್ದೇನೆ.

ಮೂರು ತಿಂಗಳು ಗಂಟಲು ಹರಿದುಕೊಂಡು ನಾನು ಕಾಪಾಡಿದ್ದನ್ನು ನೀನು ಒಂದು ಸೀಲಿನಲ್ಲಿ ಕೆಡವಿದೆ. ನಿನ್ನ ಅಮ್ಮ ಹೇಳಿದ್ದನ್ನು ನಂಬಬೇಡ, ಅವಳು ಎಲ್ಲದಕ್ಕೂ ಕಣ್ಣೀರು ಬೆರೆಸುತ್ತಾಳೆ. ಆದದ್ದು ಇಷ್ಟು.

ಬೆಳಗಿನ ಪಾಳಿಯ ಹೊತ್ತು. ನಿಲ್ದಾಣ ತುಂಬ ಗಿರಣಿಯ ಜನ. ಮೇಲಿನಿಂದ ನಿನ್ನ ದನಿ: ಗಿರಣಿಗೆ ಹೋಗುವ ಬಸ್ಸು ಬರುತ್ತಿದೆ. ಪುಸ್ತಕದ ಹಾಗೆ ತುದಿಯಲ್ಲಿ ಮೆತ್ತಗೆ ಇಳಿಯಿತು. ಎಂಜಿನ್ನುಗಳ ಗದ್ದಲದಲ್ಲಿ ಪದ ಯಾರಿಗೆ ಬೇಕು? ನಮ್ಮವರು ಹಿಡಿಯುವುದು ತುದಿಯನ್ನು. ದೋಣಿಯ ಕಾಲದಿಂದ ತುದಿ ಏರಿದರೆ ಬರುತ್ತಿದೆ, ಇಳಿದರೆ ಹೋಯಿತು. ಮಾತು 'ಬರುತ್ತಿದೆ' ಎಂದಿತು, ರಾಗ 'ಹೋಯಿತು' ಎಂದಿತು. ಅವರು ರಾಗವನ್ನು ನಂಬಿದರು. "ಛೇ, ತಪ್ಪಿಹೋಯ್ತಲ್ಲೋ!" ಎಂದು ಬುತ್ತಿ ಎತ್ತಿಕೊಂಡು ಅರ್ಧ ಜನ ಮನೆ ದಾರಿ ಹಿಡಿದರು, ಅರ್ಧ ಜನ ಟೀ ಅಂಗಡಿಗೆ ನುಗ್ಗಿದರು. ಬಸ್ಸು ಬಂತು. ಮೀಸೆ ಡ್ರೈವರ್ ಇಳಿದು ಖಾಲಿ ಕಟ್ಟೆ ನೋಡಿ, "ಏನಜ್ಜಿ, ಗಿರಣಿಗೆ ರಜಾನಾ? ನಂಗ್ಯಾಕೆ ಹೇಳ್ಲಿಲ್ಲ?" ಎಂದ. ನಗು ಬಂತು. ಆಮೇಲೆ ಬಂದರಿನ ಬಸ್ಸಿಗೂ ಹಾಗೇ ಆಯಿತು. ಆಸ್ಪತ್ರೆಯ ಬಸ್ಸಿಗೆ ಕಾದಿದ್ದ ಬಸುರಿ ಹೆಂಗಸೊಬ್ಬಳು ಚೀಲ ಎತ್ತಿಕೊಂಡು ಹೊರಟಾಗ ನಗು ನಿಂತಿತು. ಕೀಲಿಯಿಂದ ಕಂಬಿಗೆ ಬಡಿದು ಕೂಗಿದೆ. ಅವಳು ಹಿಂದಿರುಗಿ ಹತ್ತಿದಳು. ಅಲ್ಲಿಂದ ಕೂಗುತ್ತಲೇ ಬಂದೆ.

ಕಂಟ್ರೋಲರ್ ಹಾಳೆ ತಂದು, "ಸಹಿ ಹಾಕಿ ಅಮ್ಮ, ನಾಳೆಯಿಂದ ಮೈಕು ನಿಮ್ಮದೇ" ಎಂದ. "ಅದು ನಮ್ಮನೆ ಹುಡುಗಿ ದನಿ ಕಣಯ್ಯ. ಅದರ ಮೇಲೆ ನಾನು ದೂರು ಬರೀಬೇಕಾ? ಇನ್ಯಾರಾದ್ರೂ ಬರೆದ್ರೂ ನೋಡ್ಕೋತೀನಿ" ಎಂದೆ. ಇಡೀ ನಿಲ್ದಾಣದಲ್ಲಿ ಯಾರೂ ಬರೆಯಲಿಲ್ಲ. ನನ್ನ ಹೆದರಿಕೆಗೋ ನಿನ್ನ ಮೇಲಿನ ಅಕ್ಕರೆಗೋ, ಕೇಳಲಿಲ್ಲ.

ಈಗ ನೀನೇ ಬರೆದಿದ್ದೀಯ. ಸರಿ, ಬರೆದಾಯಿತು. ಇನ್ನು ಅಲ್ಲಿ ಯಾರೋ ಹೆದರಿಸಿದರೆಂದು ಅದನ್ನು ಹಿಂದಕ್ಕೆ ತೆಗೆದುಕೊಂಡರೆ ಈ ಮನೆಯ ಹೊಸ್ತಿಲು ತುಳಿಯಬೇಡ.

ಅಜ್ಜಿ


ನವೆಂಬರ್ 20

ಅಜ್ಜಿಗೆ,

ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮೇಡಂ ದೂರು ಓದಿ ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿ ಹಿಡಿದರು. "ಬೇರೆ ಕಡೆ ತುದಿ ಎತ್ತಿದ್ರೆ ಬಸ್ಸು ಬರುತ್ತಾ ಅಂತ ನೀನೇ ಅವರನ್ನ ಕೇಳಿದ ಹಾಗಾಗುತ್ತೆ. ಅದಕ್ಕೇ ಇಳಿಸೋಕೆ ಹೇಳಿದ್ದು" ಎಂದರು. ಅವರ ಮಾತೂ ಸರಿಯೇ, ಬಾಲದವಳು ನನ್ನ ಮಾತು ಕೇಳಿದಾಗಲೆಲ್ಲ "ನನ್ನನ್ಯಾಕೆ ಕೇಳ್ತೀಯ?" ಎಂದು ಉತ್ತರ ಕೊಡುತ್ತಿದ್ದಳು. "ನಮ್ಮ ಕಡೆಗೆ ಬೇರೆ ಓದ್ತೀನಿ ಮೇಡಂ. ಪದ ಪುಸ್ತಕದ್ದೇ ಇರಲಿ, ತುದಿ ನಮ್ದು" ಎಂದೆ. ಅಂಗೈ ಮೇಜಿನ ಮೇಲಿತ್ತು. ಎತ್ತಿದರು. "ಸರಿ, ನಿಮ್ಮಜ್ಜಿ ಹೇಳೋ ಹಾಗೆ ಹೇಳು."

ಬರಲಿಲ್ಲ ಅಜ್ಜಿ.

ಬಾಯಿ ತೆರೆದೆ, ದನಿ ತಾನಾಗಿ ಇಳಿದುಹೋಯಿತು. ಮತ್ತೆ ಮತ್ತೆ. ಬೇಕೆಂದು ಎತ್ತಿದರೆ ನಾಟಕದ ಹಾಗೆ ಕೇಳುತ್ತಿತ್ತು. ಪೆಟ್ಟಿಗೆಯಲ್ಲಿಡು ಎಂದಿದ್ದಿರಿ, ಪೆಟ್ಟಿಗೆಯ ಬೀಗವೇ ತೆರೆಯಲಿಲ್ಲ. ಅಷ್ಟು ಹೆದರಿದ್ದು ನನಗೆ ನೆನಪಿಲ್ಲ.

ಆಮೇಲೆ ಅಧಿಕಾರಿ ತಂದಿದ್ದ ಧ್ವನಿಮುದ್ರಿಕೆಯನ್ನು ಕೇಳಿ ಪಡೆದು, ಸ್ಪಂಜಿನ ಕೋಣೆಯಲ್ಲಿ ಒಬ್ಬಳೇ ಕೂತೆ. ಟಿಣ್ ಟಿಣ್. ನಿಮ್ಮ ಒಡೆದ ಗಂಟಲು. ನೀವು ಹೇಳಿದ ಮೇಲೆ ನಾನು ಹೇಳಿದೆ. ಮನೆಯಲ್ಲಿ ಮಗ್ಗಿ ಕಲಿಸುತ್ತಿದ್ದ ಹಾಗೆ, ನಿಮ್ಮ ಹಿಂದೆ ನಾನು. ಊಟದ ಹೊತ್ತು ದಾಟಿತು. ಯಾವಾಗಲೋ ತುದಿ ತಾನಾಗಿ ಏರಿತು. ಗಾಜಿನಾಚೆ ಮೇಡಂ ಎದ್ದು ನಿಂತಿದ್ದರು. ಯಾವಾಗ ಬಂದರೋ ನೋಡಿರಲಿಲ್ಲ.

ವರ್ಷ ಮುಗಿಯುವ ಮೊದಲೇ ಖಾಯಂ ಕೆಲಸ ನುಂಗುವವಳಿಗೆ ಎಂದು ತೀರ್ಮಾನಿಸಿಬಿಟ್ಟರು. ಅವಳ ಮೇಲಿದ್ದ ದೂರುಗಳೆಲ್ಲ ಸ್ಪೀಕರಿನದ್ದೆಂದು ತಳ್ಳಿಹಾಕಿದರು. ನನ್ನ ಮೇಲಿದ್ದದ್ದು ಒಂದೇ, ಅದಕ್ಕೆ ಸಾಕ್ಷಿಯೂ ನಾನೇ. ನನಗೆ ಇನ್ನೊಂದು ವರ್ಷ ತಾತ್ಕಾಲಿಕ. ನಮ್ಮ ಕಡೆಯ ನಿಲ್ದಾಣಗಳಿಗೆ ಮಾತ್ರ ಓದಬೇಕು, ನಮ್ಮ ರಾಗದಲ್ಲಿ. ಒಂದನೇ ತಾರೀಖಿನಿಂದ ಅಲ್ಲಿ ಕೇಳುತ್ತದೆ. ನಾನು ಸೋತೆನೇ, ಅಜ್ಜಿ?

ಪೀಪಿ


ಡಿಸೆಂಬರ್ 6

ಪೀಪಿಗೆ,

ಒಂದನೇ ತಾರೀಖು ಬೆಳಗಿನ ಪಾಳಿಗೆ ಮುಂಚೆಯೇ ಹೋಗಿ ಕೂತೆ. ಕೀಲಿ ಕೈಯಲ್ಲೇ ಇತ್ತು. ನಿನ್ನ ಮೇಲೆ ನಂಬಿಕೆ ಇಲ್ಲವೆಂದಲ್ಲ, ಸ್ಪೀಕರಿನ ಮೇಲೆ.

ನಿನ್ನ ದನಿ ಬಂತು. ಗಿರಣಿಯವರ ಮಾತು ನಡುವೆಯೇ ನಿಂತಿತು. ಯಾರೂ ತಲೆ ಎತ್ತಿ ನೋಡಲಿಲ್ಲ. ಬುತ್ತಿ ಎತ್ತಿಕೊಂಡು ಕಟ್ಟೆಯ ಅಂಚಿಗೆ ಬಂದು ನಿಂತರು, ಅಷ್ಟೇ. ಬಸ್ಸು ಬಂತು, ತುಂಬಿತು, ಹೋಯಿತು. ಟೀ ಅಂಗಡಿಯವನೊಬ್ಬನೇ ಮುಖ ಸಪ್ಪೆ ಮಾಡಿಕೊಂಡ.

ಮೀಸೆ ಡ್ರೈವರ್ ಕಿಟಕಿಗೆ ಬಂದು, "ಏನಜ್ಜಿ, ಗಂಟಲು ಸರಿಹೋಯ್ತಾ? ಮತ್ತೆ ಮೈಕು ಹಿಡಿದ್ರಾ?" ಎಂದ. ಸ್ಪೀಕರಿನ ಕಡೆ ಬೆರಳು ತೋರಿಸಿದೆ. ಆಮೇಲೆ ಕೈಯನ್ನು ನನ್ನ ಮೊಣಕಾಲಿನ ಎತ್ತರಕ್ಕೆ ಹಿಡಿದು ತೋರಿಸಿದೆ. "ಪೀಪೀನಾ!" ಎಂದು ಅವನು ಕೂಗಿದ್ದಕ್ಕೆ ಹತ್ತಿದವರೂ ತಿರುಗಿ ನೋಡಿದರು.

ಬಂದರು ಎನ್ನುವಾಗ ತುದಿಯನ್ನು ಒಂದು ಗೇಣು ಹೆಚ್ಚಿಗೆ ಎತ್ತಿದ್ದೀಯ. ನಿನ್ನ ಅಮ್ಮನ ಚಾಳಿ. ತಿದ್ದಿಕೋ.

ಖಾಯಂ ಆಗಲಿಲ್ಲವೆಂದು ನಿನ್ನ ಅಮ್ಮ ಮೂಗು ಒರೆಸಿಕೊಂಡಳು. ಸೋತೆನೇ ಎಂದು ಕೇಳಿದೆಯಲ್ಲ. ದೋಣಿಕಟ್ಟೆಯಲ್ಲಿ ನನ್ನ ಅಪ್ಪನಿಗೂ ಯಾರೂ ಖಾಯಂ ಆದೇಶ ಕೊಟ್ಟಿರಲಿಲ್ಲ. ಕೂಗಿದರೆ ಜನ ಬರುತ್ತಿದ್ದರು. ಸೆಪ್ಟೆಂಬರಿನಲ್ಲಿ ಹೆಮ್ಮೆಯಾಗುತ್ತದೆಯೇ ಎಂದೂ ಕೇಳಿದ್ದೆ. ಎರಡಕ್ಕೂ ಇದೇ ಉತ್ತರ. ಮತ್ತೆ ಕೇಳಬೇಡ.

ಆರು ತಿಂಗಳು ಮುಗಿಯಿತು. ಫೋನನ್ನು ಬೀರುವಿನಿಂದ ತೆಗೆದಿದ್ದೇನೆ. ಭಾನುವಾರ ಬೆಳಿಗ್ಗೆ ಮಾಡು. ವರ್ಷ ಮುಗಿಯುವವರೆಗೆ ನಾನು ಒಂದು ಮಾತೂ ಆಡಕೂಡದು ಎಂದು ಡಾಕ್ಟರ್ ಹೇಳಿದ್ದಾರೆ. ಗಾಬರಿಯಾಗಬೇಡ, ವಾಸಿಯಾಗುತ್ತದೆ. ಆದ್ದರಿಂದ ಆ ಕಡೆಯಿಂದ ಮಾತು ಬರಲಿಲ್ಲವೆಂದು ಇಟ್ಟುಬಿಡಬೇಡ. ಟಿಣ್ ಟಿಣ್ ಕೇಳಿದರೆ ಎತ್ತಿದವಳು ನಾನು ಎಂದು ತಿಳಿ.

ನೀನು ಮಾತಾಡು. ನಮ್ಮ ಮಾತಿನಲ್ಲೇ ಆಡು. ನಾನು ಕೇಳುತ್ತೇನೆ.

ಅಜ್ಜಿ